ಉತ್ತಯ್ಯನವರ ಕೊಡೆ

ಮಲೆತಿರಿಕೆ ಬೆಟ್ಟದ ಅರ್ಧದಲ್ಲಿ, ನೀರಿನ ಟ್ಯಾಂಕಿನ ಮೇಲೆ
ನನ್ನನ್ನು ಕೂರಿಸಿದ್ದರು. ಕೆಲಸ ಇಷ್ಟೇ:
ಕೇಳಿದ್ದನ್ನು ಕೇಳಿದ ಹಾಗೆ ಹೇಳುವುದು.
ಕೆಳಗೆ ವಿರಾಜಪೇಟೆ, ಮೈದಾನದಲ್ಲಿ ಹದಿನಾಲ್ಕು ಸಾವಿರ ತಲೆ,
ಮೊಬೈಲುಗಳೆಲ್ಲ ಮೂರ್ಛೆ ಹೋದ ಹೊತ್ತು.
ಕಂಟ್ರೋಲ್ ರೂಮಿಗೂ ಮೈದಾನಕ್ಕೂ ನಡುವೆ ಗುಡ್ಡ ಅಡ್ಡ.
ಹಾಗಾಗಿ ವಾಕಿಟಾಕಿಯ ಮಾತು
ಮೊದಲು ನನ್ನ ತನಕ ಹತ್ತಿ, ಆಮೇಲೆ ಇಳಿಯಬೇಕು.

ಸಭೆ ನಡೆದದ್ದು ನಾಲ್ಕು ದಿನ ಮೊದಲು, ಏಳನೇ ತರಗತಿಯಲ್ಲಿ.
ಬೋರ್ಡಿನಲ್ಲಿ ಅರ್ಧ ಒರೆಸಿದ ಭಿನ್ನರಾಶಿ,
ಅದರ ಮೇಲೇ ದೇಚಮ್ಮ ಮೇಡಂ ಗೇಟುಗಳನ್ನು ಬರೆದರು.
"ನಾಲ್ಕನೇ ಗೇಟಿನ ಬೀಗದ ಕೈ ಯಾರ ಹತ್ತಿರ?"
ಮೂವರು ಮೂವರ ಜೇಬು ತೋರಿಸಿದರು.
ಬೀಗವೇ ಬೇಡವೆಂದು ಗೋಣಿದಾರದಲ್ಲಿ ಕಟ್ಟಿದೆವು,
ಒಂದೇ ಎಳೆತಕ್ಕೆ ಬಿಚ್ಚುವ ಗಂಟು,
ಕಾಫಿ ಮೂಟೆ ಹೊಲಿಯುವ ಅಬೂಬಕ್ಕರ್ ಕಲಿಸಿದ್ದು.
ದೀಪ ಆರಿಸಬಾರದು, ಇರುವುದನ್ನೆಲ್ಲ ಹಚ್ಚಬೇಕು.
ಹಾಡು ತಟ್ಟನೆ ನಿಲ್ಲಬಾರದು, ತಗ್ಗಬೇಕು,
ಉಕ್ಕುವ ಹಾಲಿನ ಕೆಳಗೆ ಉರಿ ತಗ್ಗಿಸಿದ ಹಾಗೆ.
'ಓಡಿ' ಎಂಬ ಪದ ಯಾರ ಬಾಯಲ್ಲೂ ಬರಕೂಡದು.

ಅದರ ಬದಲು ಯಾವ ಪದ?
ಮುಕ್ಕಾಲು ಗಂಟೆ ಇದಕ್ಕೇ ಹೋಯಿತು, ಚಹಾ ಎರಡು ಸಲ ಬಂತು.
ಮೈಕಿನಲ್ಲಿ ಕೂಗಲು ಇಲ್ಲದ ಮನುಷ್ಯನೊಬ್ಬ ಬೇಕು.
ಮನೆಹೆಸರು ಸೇರಿಸಿದರೆ, ಕೊಡಗಿನಲ್ಲಿ,
ಯಾವ ನಾಡು, ಯಾವ ಊರು, ತಾಮನೆ ಯಾವುದು
ಎಂದು ಗುಂಪಿಗೆ ಗುಂಪೇ ನಿಂತು ವಿಚಾರಿಸೀತು.
ಬರೀ ಉತ್ತಯ್ಯ ಸಾಕು ಅಂದರು.
"ಉತ್ತಯ್ಯನವರೇ, ನಿಮ್ಮ ಕೊಡೆ ಸಿಕ್ಕಿದೆ."
ಡಿಸೆಂಬರಿನಲ್ಲಿ ಕೊಡೆಗೆ ಯಾರು ತಿರುಗಿ ನೋಡುತ್ತಾರೆ?

ಹಾಡು ನನಗೆ ತಡವಾಗಿ ತಲುಪುತ್ತಿತ್ತು,
ಮೊದಲು ಎತ್ತಿದ ಕೈಗಳು, ಆಮೇಲೆ ತಾಳ.
ಚಳಿ. ಟ್ಯಾಂಕಿನೊಳಗೆ ನೀರು
ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿತ್ತು.

ಒಂಬತ್ತೂ ನಲವತ್ತಕ್ಕೆ ಹೋಮ್ ಗಾರ್ಡ್ ಫ್ಲೋರಿನ್,
ಅಕ್ಕಿ ಅಳೆಯುವವಳ ದನಿಯಲ್ಲಿ:
"ಎರಡನೇ ಗೇಟು. ಕಂಬ ಬಾಗ್ತಾ ಇದೆ.
ಮಕ್ಕಳ ಚಪ್ಪಲಿ ಕಾಣ್ತಿದೆ, ಮಕ್ಕಳು ಕಾಣ್ತಿಲ್ಲ. ಓವರ್."
ಹೇಳಿದೆ. ಹೇಳುವಾಗ ಕೊನೆಯ ಮಾತನ್ನು ನುಂಗಬೇಕೆನಿಸಿತು.
ನುಂಗಲಿಲ್ಲ.
ಗುಡ್ಡದಾಚೆಯಿಂದ ಬಂದದ್ದನ್ನೂ ಹೇಳಿದೆ:
ಕೊಡೆ. ಕೊಡೆ. ಕೊಡೆ.

ದೀಪಗಳು ಹತ್ತಿದವು. ಹಾಡು ಮೆಲ್ಲಗೆ ಕೂತಿತು.
"ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ, ನನಗೊಂಚೂರು ಉಸಿರು ಬೇಕು"
ಎಂದ ಹಾಡುವವ, ಬೇಕಾದದ್ದು ತನಗೇ ಎಂಬಂತೆ.
ಗಂಟು ಬಿಚ್ಚಿರಬೇಕು, ಮೈದಾನದ ಒಂದು ಅಂಚು ತೆಳುವಾಯಿತು,
ಅಕ್ಕಿರೊಟ್ಟಿಯನ್ನು ತಟ್ಟಿ ತಟ್ಟಿ ಹರಡಿದ ಹಾಗೆ,
ಎಲ್ಲೂ ಹರಿಯದೆ.

"ಐದು ಮಕ್ಕಳು. ಸಿಕ್ಕರು. ಒಬ್ಬಳ ಮೊಣಕೈ ತರಚಿದೆ."
ದಾಟಿಸಿದೆ, ದನಿ ನಡುಗಿತೇನೋ, ಯಾರೂ ಕೇಳಲಿಲ್ಲ.
"ಇನ್ನೊಂದು," ಎಂದಳು ಫ್ಲೋರಿನ್.
"ಎಲ್ಲರೂ ಆಚೆ ಹೋಗ್ತಿದ್ದರೆ ಒಬ್ಬರು ಅಜ್ಜ
ನೂಕಿಕೊಂಡು ಒಳಗೆ ಬಂದಿದ್ದಾರೆ. ಹೆಸರು ಉತ್ತಯ್ಯ ಅಂತೆ.
ಕಪ್ಪು ಕೊಡೆ, ಮರದ ಹಿಡಿ,
ಹೋದ ಕಕ್ಕಡದಲ್ಲಿ ಬಸ್ಸಲ್ಲಿ ಬಿಟ್ಟದ್ದಂತೆ.
ಏನು ಹೇಳಲಿ? ಓವರ್."

ಏಳನೇ ತರಗತಿಯ ಬೋರ್ಡಿನಲ್ಲಿ ಇದಕ್ಕೆ ಜಾಗ ಇರಲಿಲ್ಲ.
ಗುಂಡಿ ಒತ್ತಿದೆ.
ಕಪ್ಪು ಕೊಡೆ ಎಂದೆ. ಮರದ ಹಿಡಿ ಎಂದೆ.
ಕಕ್ಕಡ ಎಂದೆ, ಬಸ್ಸು ಎಂದೆ,
ಏನು ಹೇಳಲಿ ಎಂದು ಅವಳಷ್ಟೇ ನಿಧಾನವಾಗಿ ಕೇಳಿದೆ.
ಗುಡ್ಡದಾಚೆ ಬಹಳ ಹೊತ್ತು ಬರೀ ಗೊರಗೊರ.