ಆರು ಕ್ರೇಟು

ಹೆರಾಲ್ಡಿನ ಬಾನೆಟ್ಟನ್ನು ಇಡಿಯಾಗಿ ಮುಂದಕ್ಕೆ ಮಗುಚಿ
ಟೈರಿನ ಮೇಲೇ ಕುಂಡೆ ಊರಿ ಗೌಸ್‌ಪೀರ್ ಹೇಳಿದ:
ಎರಡೂ ಸ್ಪ್ರಿಂಗು ಸೋತಿವೆ. ಬಲಗಡೆಯದು ಜಾಸ್ತಿ.
ಅಳತೆಪಟ್ಟಿ ಹಿಡಿಯಲಿಲ್ಲ,
ಎರಡು ಬೆರಳು ಇಟ್ಟು ತೋರಿಸಿದ.

ಯಾಕೆಂದು ನನಗೆ ಗೊತ್ತು. ಅವನಿಗೂ ಗೊತ್ತು.
ಹತ್ತೊಂಬತ್ತು ವರ್ಷ ಆ ಬದಿಗೆ ಕೂತು ಓಡಿಸಿದವನು
ನನ್ನ ಪಾಲುದಾರ ಮುನಿಶಾಮಪ್ಪ,
ಕ್ವಿಂಟಾಲಿಗೆ ಹತ್ತು ಕೇಜಿ ಕಮ್ಮಿ.

ಹಿಂದಿನದು ಅಡ್ಡ ಕಮಾನು, ಏಳು ಪಟ್ಟೆ;
ಕುಲುಮೆಯಲ್ಲಿ ಕಾಸಿ ಏರಿಸಿದರಾಯಿತು,
ಎರಡು ಚಕ್ರಕ್ಕೂ ಒಂದೇ, ಅಲ್ಲಿ ಜಗಳವಿಲ್ಲ.
ಕಷ್ಟ ಮುಂದಿನದರದ್ದು.

ಬೆಂಚಿನ ಮೇಲೆ ಪುದುಪೇಟೆಯಿಂದ ಬಂದ ಹಳೇ ಸ್ಟಾಕು,
ಗ್ರೀಸು ಕಾಗದದ ವಾಸನೆ ಇನ್ನೂ ಹೋಗಿಲ್ಲ,
ಒಂದಕ್ಕೆ ನೀಲಿ ಬೊಟ್ಟು, ಇನ್ನೊಂದಕ್ಕಿಲ್ಲ.
ಹುಟ್ಟಾ ಜೋಡಿಯೋ, ಜೋಡಿ ಮಾಡಿದ್ದೋ, ಮಾರಿದವನೇ ಬಲ್ಲ.
ಪಕ್ಕದಲ್ಲಿ ಪೀಣ್ಯದಲ್ಲಿ ಸುತ್ತಿಸಿದ್ದು, ಲಾರಿಯಷ್ಟು ಗಟ್ಟಿ.
ಆಮೇಲೆ ಗೌಸ್‌ಪೀರನ ಮಗನ ಆಸೆ, ಗಿಡ್ಡ, ಕೆಂಪು ಪೇಂಟಿನದು:
ಗಾಡಿ ನೆಲಕ್ಕೆ ಅಂಟ್ಕೊಂಡು ಹೋಗುತ್ತೆ ಅಂಕಲ್, ಖದರಿರುತ್ತೆ.
ಡೂಮ್‌ಲೈಟ್ ಸರ್ಕಲ್ಲಿನ ಹಂಪಿಗೆ ಹೊಟ್ಟೆ ಉಜ್ಜಿಕೊಂಡು
ಎಂಥ ಖದರು ಮಗನೇ.

ತಲೆ ಇಲ್ಲದ ಗಾಡಿ ಇದು.
ಚಾವಣಿಯ ಕಂಬಗಳು ಹಂಚಿಕೊಳ್ಳಬೇಕಿದ್ದ ಏಟನ್ನೆಲ್ಲ
ಕೆಳಗಿನ ಚಾಸಿಯೊಂದೇ ಉಣ್ಣುತ್ತದೆ.
ಗಟ್ಟಿ ಹಾಕಿದರೆ ಗುಂಡಿಗೊಮ್ಮೆ ಬಾಗಿಲು ತಾನೇ ತೆರೆದು
ಮದುಮಗಳ ಸೆರಗು ರಸ್ತೆಗೆ.
ಮೆತ್ತಗೆ ಹಾಕಿದರೆ ತೊಟ್ಟಿಲು:
ಟೇಕಲ್ ರಸ್ತೆಯ ಮೆರವಣಿಗೆಯಲ್ಲಿ ಬಾಸಿಂಗ ಕಟ್ಟಿದವನು
ವಾಂತಿ ಮಾಡಿಕೊಂಡದ್ದನ್ನು ಬ್ಯಾಂಡಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ.
ನಮ್ಮ ವೇಗವೋ,
ಕ್ಲಾರಿನೆಟ್ಟಿನವನು ಊದುತ್ತಾ ಹಿಂದಕ್ಕೆ ಹೆಜ್ಜೆ ಇಡುವಷ್ಟು.

ಖಾಲಿ ಗಾಡಿಗೆ ಸ್ಪ್ರಿಂಗು ಆರಿಸಬಾರದು ಸಾಹೇಬ್ರೇ,
ಕೂರೋರನ್ನ ಕೂರಿಸಿ ಆರಿಸಬೇಕು.

ಮಂಡಿಯಲ್ಲಿ ಹರಾಜು ಮುಗಿದ ಮೇಲೆ, ಮಧ್ಯಾಹ್ನ,
ತೂಕದ ಕಟ್ಟೆಗೆ ಹೆರಾಲ್ಡನ್ನು ತಳ್ಳಿದೆವು.
ಚಕ್ರಕ್ಕೊಂದು ಸಲ ತೂಗಬೇಕು.
ಜನರ ಬದಲು ಟೊಮೇಟೊ, ಹದಿನೈದು ಕೇಜಿಯ ಕ್ರೇಟು:
ಗಂಡಿಗೆ ಐದು, ಹೆಣ್ಣಿಗೆ ನಾಲ್ಕು, ಜರತಾರಿಗೆಂದು ಅರ್ಧ,
ಮಡಿಸಿದ ಹುಡ್ಡಿನ ಮೇಲೆ ಬೇಡವೆಂದರೂ ಹತ್ತುವ ಮಕ್ಕಳಿಗೆ
ಅಂದಾಜಿಗೆ ನಾಲ್ಕು.
ಹಮಾಲರು ನಕ್ಕರು. ಒಬ್ಬ ಎಲ್ಲಿಂದಲೋ ಚೆಂಡುಹೂ ತಂದು
ಹೆಣ್ಣಿನ ಕ್ರೇಟಿಗೆ ಸಿಕ್ಕಿಸಿದ.

ಡ್ರೈವರಿಗೆಷ್ಟು?

ಡ್ರೈವರು ಈಗ ನಾನೇ. ಐವತ್ತಮೂರು ಕೇಜಿ, ಚಪ್ಪಲಿ ಸೇರಿ.
ಮೂರೂವರೆ ಕ್ರೇಟು ಧಾರಾಳ.

ಮಾಲೂರಿನ ಮದುವೆಯ ಅಡ್ವಾನ್ಸು, ಆರು ಸಾವಿರ,
ಯಾರು ಇಸಕೊಂಡದ್ದೆಂದು ಇಬ್ಬರಿಗೂ ಈಗ ನೆನಪಿಲ್ಲ.
ಆಡಿದ ಮಾತು ನೆನಪಿದೆ.
ಅವನು ಬಂಗಾರಪೇಟೆಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ,
ಹೋದ ತಿಂಗಳು ಒಂದೇ ಛತ್ರದೆದುರು ಸಿಕ್ಕ,
ಟೈರಿಗೆ ಮೆಲ್ಲಗೆ ಒದ್ದು, ಬಲಕ್ಕೆ ಕೂತಿದೆ, ಅಂದ.
ಗಾಡಿಗೆ ಅಂದದ್ದು. ನನಗಲ್ಲ.

ಹಮಾಲಿ ಮೂರು ಇಟ್ಟು
ನಾಲ್ಕನೆಯದರಿಂದ ಅರ್ಧ ಸುರಿಯುತ್ತಿದ್ದ.
ಸುರೀಬೇಡ, ಪೂರ್ತಿ ಇಡು, ಅಂದೆ.
ಇನ್ನೊಂದು.
ಇನ್ನೂ ಒಂದು.

ಗೌಸ್‌ಪೀರ್ ನನ್ನ ಮುಖ ನೋಡಲಿಲ್ಲ, ಮುಳ್ಳನ್ನೇ ನೋಡಿದ.
ಹಾಗಾದರೆ ಬಲಕ್ಕೆ ನೀಲಿ ಬೊಟ್ಟಿನದೇ ಬೀಳಬೇಕು,
ಅರ್ಧ ಇಂಚು ಎತ್ತರ ಅದು.
ನೀವು ಓಡಿಸೋವಾಗ ಎಡಕ್ಕೆ ವಾಲುತ್ತೆ, ಆಮೇಲೆ ನನ್ನ ಬೈಬಾರದು.

ವಾಲಲಿ.
ಎಂ.ಬಿ. ರಸ್ತೆಯೇ ಚರಂಡಿಯ ಕಡೆಗೆ ವಾಲಿದೆ,
ಕೇಳಿದವರಿಗೆ
ರಸ್ತೆಯ ಮೇಲೆ ಹಾಕಿದರಾಯಿತು.