ಹಳೆಯ ವಿಳಾಸ

ಪೀಣ್ಯ ಎರಡನೇ ಹಂತ, ರಾತ್ರಿ ಹನ್ನೊಂದೂವರೆ.
ತಗಡಿನ ಶೆಡ್ಡು, ಕೂಲೆಂಟಿನ ಹುಳಿ ವಾಸನೆ.
ಒಂದೇ ತಂತಿಗೆ ಪೋಣಿಸಿದ ಹದಿನಾಲ್ಕು ಡ್ರೈವುಗಳು
ಮಿಲಿಸೆಕೆಂಡಿಗೊಮ್ಮೆ ಹಾಜರಿ ಕೂಗಿದಂತೆ
ಓಗೊಡುತ್ತಿವೆ.

ಆ ಹಾಜರಿಯ ಸಂದಿನಲ್ಲಿ ತೂರಿಕೊಂಡು
ನನ್ನದೊಂದು ಸಣ್ಣ ಕೋರಿಕೆ ಹೊರಡುತ್ತದೆ:
ಒಂಬತ್ತನೇ ಮೋಟರೇ, ಮೈ ಎಷ್ಟು ಬಿಸಿ?

ಕೇಳಿದ ಕೂಡಲೇ ಸಿಗುವ ಉತ್ತರವಲ್ಲ ಅದು.
'ನಡೆಯುತ್ತಿದೆ' ಅನ್ನುವಷ್ಟು ಹೊತ್ತೂ
ಕೋರಿಕೆಯ ಮೆಮೊರಿಗೆ ಕೈ ಹಾಕುವಂತಿಲ್ಲ,
ಹೆಪ್ಪಿಟ್ಟ ಹಾಲನ್ನು ಅಲುಗಿಸಬಾರದ ಹಾಗೆ.
ಕಾದು ನಿಲ್ಲುವಂತೆಯೂ ಇಲ್ಲ,
ಮುಂದಿನ ಹಾಜರಿ ಆಗಲೇ ಬಂತು.
ಇನ್ನೊಂದು ಸುತ್ತು ಬಂದು ಇಣುಕಬೇಕು.

ಇಣುಕಿದೆ. ಮುಗಿದಿತ್ತು. ನಲವತ್ತೊಂದು.
ಮತ್ತೆ ಕೇಳಿದೆ: ನಲವತ್ತೊಂದು.
ಸ್ಪಿಂಡಲ್ ಆರು ಸಾವಿರಕ್ಕೆ ಏರಿ ಕಿರುಚಿತು.
ನಲವತ್ತೊಂದು.

ತಿಪ್ಪೇರುದ್ರಪ್ಪ ಪಕ್ಕದ ಲೇತ್ ಬಿಟ್ಟು ಬಂದು
ಮೋಟರಿಗೆ ಅಂಗೈ ಒತ್ತಿ
ಥಟ್ಟನೆ ಕಿತ್ತುಕೊಂಡ.
"ಮೇಡಂ, ಇದು ನಲವತ್ತೊಂದಾದ್ರೆ
ನಾನು ಪೀಣ್ಯಕ್ಕೆ ಮೇಯರು."

ಕೋಡನ್ನು ಮೇಲಿಂದ ಕೆಳಗೆ ತಡಕಿದೆ.
ತಪ್ಪು ನನ್ನದೇ.
ಶುರುವಿನಲ್ಲೊಮ್ಮೆ, ಡೇಟಾ ಎಲ್ಲಿದೆ ಅಂತ ಕೇಳಿ
ವಿಳಾಸವನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದೆ.
ಉತ್ತರ ಬಂದಾಗಲೆಲ್ಲ ಮೆಮೊರಿ ಮನೆ ಬದಲಿಸಬಹುದು—
ಕೈಪಿಡಿಯಲ್ಲಿ ಒಂದು ಸಾಲು. ಓದಿದ್ದೆ, ದಾಟಿದ್ದೆ.
ಇಷ್ಟು ಹೊತ್ತೂ ಖಾಲಿಯಾದ ಮನೆಯೊಳಗೆ ನಿಂತು
ಗೋಡೆಗೆ ಉಳಿದ ಕ್ಯಾಲೆಂಡರಿನ ತಾರೀಖನ್ನು
ಇವತ್ತಿನದೆಂದು ಬರೆದುಕೊಳ್ಳುತ್ತಿದ್ದೆ.

"ಇಷ್ಟೇನಾ?" ಅವನು ಸ್ಟೂಲೆಳೆದು ಕೂತ.
ಲಗ್ಗೆರೆ, ಹೆಗ್ಗನಹಳ್ಳಿ, ಆಮೇಲೆ ಮತ್ತೆ ಲಗ್ಗೆರೆಯ ಹಿಂದಿನ ಬೀದಿ,
ಈಗ ಚಿಕ್ಕಬಾಣಾವರ. ಏಳು ವರ್ಷಕ್ಕೆ ನಾಲ್ಕು ಮನೆ.
"ನಮ್ಮ ಗ್ಯಾಸ್ ಸಿಲಿಂಡರು ಇವತ್ತಿಗೂ ಮೊದಲ ಮನೆಗೇ ಹೋಗುತ್ತೆ.
ಅಲ್ಲಿರೋರು ಸೈನ್ ಹಾಕಿ ಇಳಿಸ್ಕೋತಾರೆ.
ಡೆಲಿವರಿ ಆಯ್ತು ಅಂತ ನನಗೆ ಮೆಸೇಜು."

ನಗುತ್ತಲೇ ಆ ಸಾಲನ್ನು ಎತ್ತಿ
ಸುತ್ತಿನ ಒಳಗಿಟ್ಟೆ. ಮೊದಲು ಸ್ಥಿತಿ,
ಆಮೇಲೆ ವಿಳಾಸ, ಹೊಸದಾಗಿ, ಪ್ರತಿ ಸಲ.
ಆಮೇಲಷ್ಟೇ ಓದು.

ಎಂಬತ್ತೇಳು.

ಕೆಂಪು ದೀಪ ಹೊತ್ತಿತು, ಸ್ಪಿಂಡಲ್ ನಿಧಾನಕ್ಕೆ ಇಳಿಯಿತು.
ಅವನಿನ್ನೂ ಅಂಗೈ ಊದಿಕೊಳ್ಳುತ್ತಿದ್ದ.
"ನಾನು ಎಂಬತ್ತೈದು ಅಂದ್ಕೊಂಡಿದ್ದೆ."