ತೂಬು ಇಲ್ಲಿದೆ

ಶುಕ್ರವಾರ ಐದರೊಳಗೆ ಹೆಸರು ಬರೆದುಕೊಡಿ ಅಂದಿದ್ದಾಳೆ ಹೆದರ್.
ಇಡೀ ಕಚೇರಿಗೆ ಒಂದೇ ಎಡಿಟರ್ ಸಾಕಂತೆ.
ಸ್ಪಾಲ್ಡಿಂಗಿನ ಈ ಕಾಲುವೆ ಮಂಡಳಿಯಲ್ಲಿ
ಕೋಡ್ ಬರೆಯುವವರು ಎರಡೂವರೆ ಜನ:
ನಾನು, ಬೀಯಾಟಾ, ಮತ್ತು
ನಿವೃತ್ತನಾಗಿ ಆರು ವರ್ಷವಾದರೂ
ಮ್ಯಾಕ್ರೋಗಳೊಳಗೆ ಕೂತೇ ಇರುವ ಸಿರಿಲ್.

ಇಲ್ಲಿ ನೆಲ ಸಮುದ್ರಕ್ಕಿಂತ ತಗ್ಗು.
ನೀರು ತಾನಾಗಿ ಹೋಗುವುದಿಲ್ಲ, ಎತ್ತಿ ಕಳಿಸಬೇಕು.
ಬೆಳಗಾಗುವ ಮೊದಲು ನಕ್ಷೆಯಿಂದ
ಮೂವತ್ತೊಂದು ಪಂಪುಗಳ ಲೆಕ್ಕ ತೆಗೆದು
ಎಕ್ಸೆಲ್ ಹಾಳೆಗೆ ಸುರಿದು
ಗೇಟು ಕಾಯುವವರಿಗೆ ಪತ್ರ ಮಾಡಿ ಕಳಿಸುವ ಕೆಲಸ ನನ್ನದು.
ಅರ್ಧ ಪೈಥಾನ್, ಅರ್ಧ ಸಿರಿಲ್‌ನ ವಿಬಿಎ.
ಎರಡು ದೋಣಿಯ ಮೇಲೆ ಕಾಲು.

ಕೋಷ್ಟಕ ಹಾಕಿಕೊಂಡೆ.
ನಕ್ಷೆಯ ಸಾಫ್ಟ್‌ವೇರಿನೊಳಗೇ ಒಂದು ಕಿಟಕಿಯಿದೆ, ಕರ್ಚೀಫಿನಷ್ಟು;
ಬಿದ್ದರೆ ನಕ್ಷೆಯನ್ನೂ ಎಳಕೊಂಡು ಬೀಳುತ್ತದೆ.
ಬೀಯಾಟಾ ಮೆಚ್ಚಿದ್ದು ಕಪ್ಪು ಪರದೆ, ಬಣ್ಣ ಬಣ್ಣದ ಅಕ್ಷರ.
ಆವರಣ ತೆರೆದರೆ ತಾನೇ ಮುಚ್ಚುತ್ತದೆ,
ಮೂರಕ್ಷರ ಒತ್ತಿದರೆ ಉಳಿದದ್ದು ಅದೇ ಹೇಳುತ್ತದೆ,
ಮಾತು ಮುಗಿಸಲು ಬಿಡದ ನನ್ನ ದೊಡ್ಡ ಅತ್ತಿಗೆಯ ಹಾಗೆ.
ನೋಟ್‌ಪ್ಯಾಡ್ ಏನೂ ಕೇಳುವುದಿಲ್ಲ, ಏನೂ ಹೇಳುವುದಿಲ್ಲ.
ಕಳೆದ ಮಾರ್ಚಿನಲ್ಲಿ ಅದರಲ್ಲೇ ಬರೆದು
ಒಂದು ಸಾಲನ್ನು ನಾಲ್ಕು ಜಾಗ ಈಚೆ ಬಿಟ್ಟಿದ್ದೆ:
ಮೂವತ್ತೊಂದು ಪಂಪು ಹೋಗಿ ಒಂದೇ ಪಂಪು ಉಳಿಯಿತು ಪಟ್ಟಿಯಲ್ಲಿ.
ಬೈದದ್ದು ನೋಟ್‌ಪ್ಯಾಡನ್ನು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಆದರೆ ಪೈಥಾನಿನಲ್ಲಿ ನಾವು ಬಿಟ್ಟ ಜಾಗವೇ ನೆಲ,
ಡೊಂಕು ಅಂದರೆ ಡೊಂಕೇ.

ಬುಧವಾರ ಆಲ್ಟ್ ಹಿಡಿದು ಎಫ್ ಹನ್ನೊಂದು ಒತ್ತಿದೆ.
ಎಕ್ಸೆಲ್‌ನ ಹಿತ್ತಿಲ ಬಾಗಿಲು ಅದು.
ಬೂದು ಕಿಟಕಿ, ಇಪ್ಪತ್ತು ವರ್ಷದಿಂದ ಸುಣ್ಣ ಕಾಣದ್ದು.
ಇನ್ನೂರ ಹದಿನಾಲ್ಕನೇ ಸಾಲಿನ ಮೇಲೆ, ಹಸಿರಿನಲ್ಲಿ, ಸಿರಿಲ್:
'ಇದನ್ನು ಅಳಿಸಬೇಡಿ. ಕ್ರೋಗೇಟ್ ತೂಬನ್ನು ನಕ್ಷೆ
ಹನ್ನೆರಡು ಮೀಟರ್ ಪಡುವಣಕ್ಕೆ ತೋರಿಸುತ್ತದೆ.
ಹೋಗಿ ಅಳೆದಿದ್ದೇನೆ. ಬೂಟು ಹಾಳಾಯಿತು.'
ಕೆಳಗೆ ಒಂದೇ ಸಾಲು: ಕೂಡಿಸು ಹನ್ನೆರಡು.

ಅದನ್ನೇ ಪೈಥಾನಿಗೆ ಇಳಿಸಿ ಕಪ್ಪು ಪರದೆಯಲ್ಲಿಟ್ಟೆ.
ಹನ್ನೆರಡರ ಕೆಳಗೆ ಅಲೆಯಲೆಯಾಗಿ ಗೆರೆ ಎಳೆಯಿತು ಅದು:
ಎಲ್ಲಿಂದ ಬಂತು ಈ ಅಂಕಿ?

ನ್ಯಾಯವಾದ ಪ್ರಶ್ನೆ.
ಗುರುವಾರ ಊಟದ ಹೊತ್ತಿಗೆ ಟೇಪು ಹಿಡಿದು ಹೋದೆ.
ಕೋಸಿನ ಹೊಲ, ಗೀಟು ಹೊಡೆದ ಹಾಗೆ ಕಾಲುವೆ,
ತಡೆಯಲು ಏನೂ ಇಲ್ಲದ ಗಾಳಿ.
ನಕ್ಷೆಯ ಚುಕ್ಕೆಯಲ್ಲಿ ಜೊಂಡು ಮಾತ್ರ, ಒಂದು ಬಾತುಕೋಳಿ.
ತೂಬು ಇದ್ದದ್ದು ಸಿರಿಲ್ ಹೇಳಿದಲ್ಲಿ:
ಮೂಡಣಕ್ಕೆ ಹನ್ನೆರಡು ಮೀಟರ್, ಮೇಲೊಂದು ಗೇಣು.
ಗೇಣನ್ನು ಅವನು ಬಿಟ್ಟಿದ್ದ.

ಕಾಲ್ಚೀಲ ಹಿಂಡಿ ಹೀಟರಿನ ಮೇಲೆ ಹಾಕಿ
ಬೂದು ಕಿಟಕಿಯಲ್ಲಿ ಅವನ ಮಾತಿನ ಕೆಳಗೆ
ನನ್ನದೂ ಒಂದು ಸಾಲು ಬರೆದೆ. ಯೋಚಿಸಲಿಲ್ಲ;
ಬೆರಳು ತಂತಾನೇ ಕನ್ನಡಕ್ಕೆ ತಿರುಗಿತ್ತು.
ತೂಬು ಇಲ್ಲಿದೆ, ಅಂತ. ಕಿಟಕಿ ತೋರಿಸಿದ್ದು:
???? ???????
ಎಣಿಸಿದೆ. ನಾಲ್ಕು, ಆಮೇಲೆ ಏಳು.
ಕೊಂಬಿಗೊಂದು, ಗುಡಿಸಿಗೊಂದು,
ಕಣ್ಣಿಗೆ ಬೀಳದೆ ಒತ್ತು ಹೊರುವುದಿದೆಯಲ್ಲ, ಅದಕ್ಕೂ ಒಂದು.
ಇಷ್ಟು ನಿಷ್ಠೆಯಿಂದ ನನ್ನನ್ನು ಅರ್ಥಮಾಡಿಕೊಳ್ಳದವರನ್ನು
ನಾನು ಕಂಡಿಲ್ಲ.

ಕಪ್ಪು ಪರದೆಯಲ್ಲಿ ಅದೇ ಸಾಲು ಬಂತು,
ಒತ್ತಿನ ಬಾಲ ಕೆಳಗಿನ ಸಾಲಿಗೆ ಸಿಕ್ಕಿ ಕತ್ತರಿಸಿತ್ತು,
ಓದಲು ಅಡ್ಡಿಯಿಲ್ಲ.
ಬೀಯಾಟಾ ಕುರ್ಚಿ ಉರುಳಿಸಿಕೊಂಡು ಬಂದಳು:
'ಏನಿದು ಸುರುಳಿ ಸುರುಳಿ, ದೋಷವೇ?'
'ವಿಳಾಸ,' ಅಂದೆ.

ಫಾರಂನಲ್ಲಿ ಕಾರಣ ಕೇಳುವ ಜಾಗದಲ್ಲಿ
ಇಂಗ್ಲಿಷಿನ ನಾಲ್ಕು ಸಭ್ಯ ಮಾತು ತುಂಬಿದೆ:
ಬೆಲೆ, ವೇಗ, ಭದ್ರತೆ, ಬಣ್ಣ.
ಹೆದರ್ ಓದದೆಯೇ ಸಹಿ ಹಾಕಿದಳು.

ಗೇಣನ್ನು ಕೂಡಿಸಬೇಕೋ ಬೇಡವೋ
ಇನ್ನೂ ತೀರ್ಮಾನವಾಗಿಲ್ಲ.